ಎಲ್ಲ ಮಕ್ಕಳೂ ಕೂರುವ ತರಗತಿ: ಅಳತೆ ಟೇಪಿನಿಂದ ಶುರುಮಾಡಿ

ಅಂಗವೈಕಲ್ಯ ಪ್ರಮಾಣಪತ್ರ ಬರಲಿ ಎಂದು ದಾಖಲಾತಿಯನ್ನು ಮುಂದೂಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆ ತಾರತಮ್ಯವಿಲ್ಲದೆ ಮಗುವನ್ನು ಸೇರಿಸಿಕೊಳ್ಳಬೇಕು. ಮಾನ್ಯತೆ ಇರುವ ಖಾಸಗಿ ಶಾಲೆಯೂ ಇದಕ್ಕೆ ಹೊರತಲ್ಲ. ಮಗು ಬಂದ ವಾರದಲ್ಲೇ ಬಿಆರ್‌ಸಿಯಿಂದ (ತಾಲ್ಲೂಕಿನ ಶಿಕ್ಷಣ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ, ಅಂದರೆ ಅಂಗವಿಕಲ ಮಕ್ಕಳ ಕಲಿಕೆಗೆ ನೆರವಾಗುವ ಸಂಪನ್ಮೂಲ ಶಿಕ್ಷಕರನ್ನು ಕರೆಸಿ, ಮನೆಯವರನ್ನೂ ಕೂರಿಸಿಕೊಳ್ಳಿ. ಕಾಯಿಲೆಯ ಹೆಸರಿಗಿಂತ ಮೊದಲು ಕೇಳಬೇಕಾದದ್ದು: ಮಗು ತಾನೇ ಏನೇನು ಮಾಡಿಕೊಳ್ಳುತ್ತದೆ, ಎಲ್ಲಿ ಕೈ ಹಿಡಿಯಬೇಕು?

ಇನ್ನು ರ‍್ಯಾಂಪ್. ಇಳಿಜಾರಿನ ಲೆಕ್ಕ 1:12. ಮೇಸ್ತ್ರಿಗೆ ‘ಒಂದು ಅಂಗುಲ ಎತ್ತರಕ್ಕೆ ಒಂದು ಅಡಿ ಉದ್ದ’ ಎಂದರೆ ಸಾಕು. ಜಗಲಿ ಒಂದೂವರೆ ಅಡಿ ಎತ್ತರವಿದ್ದರೆ ರ‍್ಯಾಂಪ್ 18 ಅಡಿ. ಜಾಗವಿಲ್ಲವೆಂದು ಎಂಟು ಅಡಿಗೇ ಮುಗಿಸಿದರೆ ಅದು ಮಕ್ಕಳ ಜಾರುಬಂಡಿ ಆಗುತ್ತದೆ, ಗಾಲಿಕುರ್ಚಿ ಹತ್ತುವುದಿಲ್ಲ. ಜಾಗ ಸಾಲದಿದ್ದರೆ ಮಧ್ಯೆ ತಿರುವು ಕೊಡಿ. ಅಗಲ ನಾಲ್ಕು ಅಡಿ. ಮೇಲ್ತುದಿಯಲ್ಲಿ 5×5 ಅಡಿಯ ಸಮತಟ್ಟು ಬೇಕೇ ಬೇಕು, ಇಲ್ಲದಿದ್ದರೆ ಬಾಗಿಲು ತೆಗೆಯುವಷ್ಟರಲ್ಲಿ ಕುರ್ಚಿ ಹಿಂದಕ್ಕೆ ಉರುಳುತ್ತದೆ. ಟೈಲ್ಸ್ ಹಾಕಬೇಡಿ, ಮಳೆಗಾಲದಲ್ಲಿ ಜಾರುತ್ತದೆ. ಒರಟು ಸಿಮೆಂಟಿನ ಮೇಲೆ ಅಡ್ಡಗೆರೆ ಎಳೆಸಿ. ತರಗತಿಯ ಬಾಗಿಲು ತೆರೆದಾಗ ಮೂರು ಅಡಿ ದಾರಿ ಸಿಗಬೇಕು. ಕಷ್ಟಪಟ್ಟು ಕಟ್ಟಿದ ರ‍್ಯಾಂಪ್ ಎಷ್ಟೋ ಕಡೆ ಎರಡು ಅಂಗುಲದ ಹೊಸ್ತಿಲಿನ ಮುಂದೆ ಸೋಲುತ್ತದೆ.

ಶೌಚಾಲಯದ ಬಾಗಿಲು ಹೊರಕ್ಕೆ ತೆರೆಯಲಿ. ಒಳಕ್ಕೆ ತೆರೆಯುವಂತಿದ್ದರೆ, ಬಿದ್ದ ಮಗುವಿನ ಮೈಯೇ ಬಾಗಿಲಿಗೆ ಅಡ್ಡವಾಗುತ್ತದೆ. ಕಮೋಡಿನ ಪಕ್ಕ ಹಿಡಿಕೆ ಇರಲಿ. ಬೀಗ ಹಾಕಿ ಪೊರಕೆ, ಮುರಿದ ಬೆಂಚು ತುಂಬಿಡುವುದು ಇದರ ಮಾಮೂಲಿ ಗತಿ. ಎಸ್‌ಡಿಎಂಸಿಯವರು (ಶಾಲೆಯ ಮೇಲುಸ್ತುವಾರಿ ಸಮಿತಿ) ತಿಂಗಳಿಗೊಮ್ಮೆ ಬಾಗಿಲು ತೆಗೆಸಿ ನೋಡಲಿ.

ಗಾರೆ ಕೆಲಸ ಒಂದು ಸಲಕ್ಕೆ ಮುಗಿಯುತ್ತದೆ, ಪಾಠ ಹಾಗಲ್ಲ. ಕಣ್ಣು ಮಂದವಿರುವ ಮಗುವನ್ನು ಮುಂದೆ ಕೂರಿಸಿದರಷ್ಟೇ ಆಗಲಿಲ್ಲ: ಕಿಟಕಿಯ ಬೆಳಕು ಬೋರ್ಡಿನ ಮೇಲೆ ಹೊಳೆದರೆ ಮೊದಲ ಬೆಂಚಿನಿಂದಲೂ ಅಕ್ಷರ ಕಾಣದು. ಮಗುವಿನ ಜಾಗದಲ್ಲಿ ನೀವೇ ಕೂತು ನೋಡಿ. ಬರೆಯುವುದನ್ನು ಬಾಯಲ್ಲೂ ಹೇಳುತ್ತ ಬರೆಯಿರಿ. ನಿಧಾನವಾಗಿ ಓದುವ ಉಳಿದ ಮಕ್ಕಳಿಗೂ ಇದು ಆಸರೆ. ಆದರೆ ಕಿವಿ ಮಂದವಿರುವ ಮಗು ತುಟಿ ನೋಡಿ ಅರ್ಥಮಾಡಿಕೊಳ್ಳುವುದರಿಂದ, ಬರೆದ ಮೇಲೆ ಇತ್ತ ತಿರುಗಿ ಮತ್ತೊಮ್ಮೆ ಹೇಳಬೇಕು. ಬೆಳಕು ನಿಮ್ಮ ಮುಖದ ಮೇಲಿರಲಿ, ಬೆನ್ನ ಹಿಂದೆ ಬೇಡ. ಶ್ರವಣಸಾಧನ ಮಾತಿನ ಜೊತೆಗೆ ಫ್ಯಾನಿನ ಸದ್ದನ್ನೂ ದೊಡ್ಡದು ಮಾಡುತ್ತದೆ, ಫ್ಯಾನಿನಡಿ ಕೂರಿಸಬೇಡಿ. ಬುದ್ಧಿಮಾಂದ್ಯತೆ ಇರುವ ಮಗುವಿಗೂ ಅದೇ ಪಾಠ, ಹಂತ ಚಿಕ್ಕದು: ಉಳಿದವರು ಸಂಕಲನದ ಲೆಕ್ಕ ಬರೆಯುವಾಗ ಅದು ಹುಣಸೆಬೀಜ ಎಣಿಸಿ ಕೂಡಿಸಲಿ.

ನೆರವಿಗೆ ಗೆಳೆಯರ ಪಾಳಿ ಹಾಕಿ, ವಾರವಾರ ಬದಲಿಸಿ. ‘ಜಾಣ ಹುಡುಗಿ’ ಒಬ್ಬಳಿಗೇ ವರ್ಷವಿಡೀ ವಹಿಸಿದರೆ ಅವಳಿಗೆ ಆಟ ತಪ್ಪುತ್ತದೆ, ನೆರವು ಪಡೆಯುವ ಮಗುವಿಗೆ ಬೇರೆ ಗೆಳೆಯರು ಸಿಗುವುದಿಲ್ಲ.

ಪರೀಕ್ಷೆಗೆ ಹೆಚ್ಚುವರಿ ಸಮಯ, ಮಗು ಹೇಳಿದ ಉತ್ತರ ಬರೆದುಕೊಡುವ ಲಿಪಿಕಾರರ ನೆರವು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಅದೇ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿದೆ. ಪ್ರಮಾಣಪತ್ರ ಬೇಕಾಗುವುದು ಇಲ್ಲಿ, ಅರ್ಜಿ ಬೇಗ ಹಾಕಿಸಿ. ಭಾಷಾ ವಿನಾಯಿತಿಯನ್ನು ಮಾತ್ರ ಮಗುವನ್ನು ಕೇಳದೆ ಬರೆದುಬಿಡಬೇಡಿ.

ಆಟದ ಪೀರಿಯಡ್ಡಿನಲ್ಲಿ ಆ ಮಗುವನ್ನು ಅಂಕ ಬರೆಯಲು ಕೂರಿಸುವುದು ಬೇಡ. ಲಗೋರಿಗೆ ಗುರಿಯಿಡಲು ಗಾಲಿಕುರ್ಚಿ ಅಡ್ಡಿಯಲ್ಲ. ಗೆರೆಯನ್ನು ನಾಲ್ಕು ಹೆಜ್ಜೆ ಹತ್ತಿರ ಎಳೆಯಿರಿ.