ಕೋಆಲಾ ಓಡಾಡುವ ಬಡಾವಣೆಯಲ್ಲಿ ಮನೆ ಮಾಡುವವರಿಗೆ

ಆಸ್ಟ್ರೇಲಿಯಾದ ಬ್ರಿಸ್ಬೇನಿಗೆ ಹೊಸದಾಗಿ ಬರುವ ನಮ್ಮವರಲ್ಲಿ ಅನೇಕರು ಲೋಗನ್, ರೆಡ್‌ಲ್ಯಾಂಡ್ಸ್, ಇಪ್ಸ್‌ವಿಚ್ ಕಡೆಯ ಬಡಾವಣೆಗಳಲ್ಲಿ ಮನೆ ಹುಡುಕುತ್ತಾರೆ. ಶಾಲೆ, ರೈಲು, ದಿನಸಿ ಅಂಗಡಿಗಳ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ. ಕೋಆಲಾದ ಬಗ್ಗೆ ಕೇಳುವವರು ಅಪರೂಪ, ಏಕೆಂದರೆ ಅದು ಮೃಗಾಲಯದ ಪ್ರಾಣಿಯೆಂದೇ ಹೆಚ್ಚಿನವರ ಎಣಿಕೆ. ಆದರೆ ಈ ಭಾಗದ ಎಷ್ಟೋ ಬೀದಿಗಳಲ್ಲಿ ಅದು ರಾತ್ರಿ ನಿಮ್ಮ ಹಿತ್ತಲಿನ ಬೇಲಿಯ ಮೇಲೆಯೇ ನಡೆದುಹೋಗಬಹುದು. ಕ್ವೀನ್ಸ್‌ಲ್ಯಾಂಡ್, ನ್ಯೂ ಸೌತ್ ವೇಲ್ಸ್ ಮತ್ತು ಕ್ಯಾನ್‌ಬೆರಾ ಪ್ರದೇಶದ ಕೋಆಲಾಗಳನ್ನು ಇಲ್ಲಿನ ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲಿ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿದೆ.

ದಿನದ ಹದಿನೆಂಟರಿಂದ ಇಪ್ಪತ್ತು ಗಂಟೆ ಮರದ ಕವಲಿನಲ್ಲಿ ಮಲಗಿರುವ ಈ ಪ್ರಾಣಿಗೆ ಮರದ ಮೇಲೆ ಅಪಾಯ ಕಡಿಮೆ. ಕಾಡು ತುಂಡು ತುಂಡಾಗಿ, ನಡುನಡುವೆ ಮನೆಗಳೂ ರಸ್ತೆಗಳೂ ಬಂದಿರುವುದರಿಂದ ಅದು ಒಂದು ಮರದಿಂದ ಇನ್ನೊಂದಕ್ಕೆ ನೆಲದ ಮೇಲೆ ನಡೆದೇ ಹೋಗಬೇಕಾಗುತ್ತದೆ. ಕಾರಿಗೂ ನಾಯಿಗೂ ಸಿಕ್ಕಿಬೀಳುವುದು ಆಗಲೇ.

ನಮ್ಮ ಹಳ್ಳಿಗಳಲ್ಲಿ ನಾಯಿಯನ್ನು ಹಗಲು ಕಟ್ಟಿ, ರಾತ್ರಿ ಕಾವಲಿಗೆ ಬಿಚ್ಚಿಬಿಡುವುದು ವಾಡಿಕೆ. ಇಲ್ಲಿ ಅದನ್ನು ಪೂರ್ತಿ ತಿರುಗಿಸಬೇಕು: ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ನಾಯಿ ಮನೆಯೊಳಗೆ ಅಥವಾ ಮುಚ್ಚಿದ ಗೂಡಿನಲ್ಲಿರಲಿ. ನಾಯಿ ಎಷ್ಟೇ ಸಾಧುವಾಗಿದ್ದರೂ ಒಮ್ಮೆ ಬಾಯಿ ಹಾಕಿದರೆ ಸಾಕು. ಹೊರಗೆ ಗಾಯ ಕಾಣದಿದ್ದರೂ ಒಳಗಿನ ಅಂಗಗಳಿಗೆ ಪೆಟ್ಟು ಬಿದ್ದು ಕೋಆಲಾ ಸಾಯುವುದುಂಟು. ನುಣುಪಾದ ತಗಡಿನ ಬೇಲಿಯಿದ್ದರೆ ಅದಕ್ಕೆ ಎರಡೂ ಬದಿಯಿಂದ ಒಂದೊಂದು ಮರದ ಕಂಬವನ್ನು ಓರೆಯಾಗಿ ಆನಿಸಿಡಿ, ಹತ್ತಿ ಇಳಿಯಲು ಅಷ್ಟು ಸಾಕಾಗುತ್ತದೆ. ಈಜುಕೊಳವಿರುವವರು ದಪ್ಪ ಹಗ್ಗದ ಒಂದು ತುದಿಯನ್ನು ದಡದ ಗಟ್ಟಿ ಆಧಾರಕ್ಕೆ ಕಟ್ಟಿ, ಇನ್ನೊಂದು ತುದಿಗೆ ತೇಲುವ ವಸ್ತು ಬಿಗಿದು ನೀರಿಗೆ ಬಿಡಬೇಕು. ಕೋಆಲಾಕ್ಕೆ ಈಜು ಬರುತ್ತದೆ, ಆದರೆ ನುಣುಪು ಗೋಡೆಯನ್ನು ಹತ್ತಿ ಹೊರಬರಲಾಗದೆ ಅದು ಮುಳುಗುತ್ತದೆ.

ಆಗಸ್ಟ್‌ನಿಂದ ಡಿಸೆಂಬರ್‌ವರೆಗಿನ ಸಂತಾನೋತ್ಪತ್ತಿಯ ಕಾಲದಲ್ಲಿ ಓಡಾಟ ಹೆಚ್ಚು. ಕೋಆಲಾ ಚಿತ್ರದ ಫಲಕವಿರುವ ರಸ್ತೆಗಳಲ್ಲಿ ಮುಸ್ಸಂಜೆಯ ನಂತರ ವೇಗ ತಗ್ಗಿಸಿ.

ಮರದ ವಿಷಯದಲ್ಲಿ ನಮ್ಮ ಮನೋಭಾವವೂ ಬದಲಾಗಬೇಕೆಂಬುದು ನನ್ನ ಅಭಿಪ್ರಾಯ. ಅಂತರ್ಜಲ ಹೀರುತ್ತದೆಂದು ಕರ್ನಾಟಕ ಸರ್ಕಾರವೇ 2017ರಲ್ಲಿ ನೀಲಗಿರಿ ನೆಡುವುದನ್ನು ನಿಷೇಧಿಸಿತು, ಆದ್ದರಿಂದ ನಮ್ಮವರಿಗೆ ಆ ಮರವೆಂದರೆ ತಾತ್ಸಾರ. ಕೋಲಾರದ ಕಡೆಯ ತೋಪುಗಳಲ್ಲಿ ಬೆಳೆದ, ಮೈಸೂರು ಗಮ್ ಎಂದು ಹೆಸರಾದ ನೀಲಗಿರಿಯ ಮೂಲ ಇಲ್ಲಿನ ಫಾರೆಸ್ಟ್ ರೆಡ್ ಗಮ್. ಅದು ಈ ನೆಲದ್ದೇ ಮರ, ಕೋಆಲಾದ ಮುಖ್ಯ ಮೇವು. ಎಲೆ ಉದುರಿ ಮಳೆನೀರಿನ ದೋಣಿ ಕಟ್ಟಿಕೊಳ್ಳುತ್ತದೆಂದು ಕಡಿಸಲು ಹೊರಡುವ ಮುನ್ನ ಕೌನ್ಸಿಲ್‌ನಲ್ಲಿ (ಸ್ಥಳೀಯ ಆಡಳಿತ) ವಿಚಾರಿಸಿ, ಅನೇಕ ಮರಗಳಿಗೆ ಕಾನೂನಿನ ರಕ್ಷಣೆಯಿದೆ. ಚಿಕ್ಕ ನಿವೇಶನದಲ್ಲಿ ಹೊಸದಾಗಿ ನೆಡುವುದು ಮಾತ್ರ ಬೇಡ, ಅದು ಬಹಳ ಎತ್ತರ ಬೆಳೆಯುತ್ತದೆ.

ಮರದಲ್ಲಿ ತೆಪ್ಪಗೆ ಕುಳಿತ ಕೋಆಲಾಕ್ಕೆ ನಿಮ್ಮ ನೆರವು ಬೇಕಿಲ್ಲ. ಕಣ್ಣು ಕೆಂಪಾಗಿ ಊದಿಕೊಂಡಿದ್ದರೆ, ಹಿಂಭಾಗ ಒದ್ದೆಯಾಗಿ ಕಂದುಗಟ್ಟಿದ್ದರೆ ಕ್ಲಮೈಡಿಯಾ ರೋಗವಿರಬಹುದು. ಹಾಗೆ ಕಂಡರೆ, ಅಥವಾ ಅದು ಹಗಲಿನಲ್ಲಿ ನೆಲದ ಮೇಲೆ ಅಲುಗಾಡದೆ ಕುಳಿತಿದ್ದರೆ, ಕ್ವೀನ್ಸ್‌ಲ್ಯಾಂಡಿನ ಪ್ರಾಣಿರಕ್ಷಣಾ ಸಂಸ್ಥೆಯಾದ ಆರ್‌ಎಸ್‌ಪಿಸಿಎಗೆ 1300 264 625 ಸಂಖ್ಯೆಯಲ್ಲಿ ಕರೆ ಮಾಡಿ. ಅದರ ಉಗುರು ಬಹಳ ಹರಿತ, ಬರಿಗೈಯಲ್ಲಿ ಮುಟ್ಟಬೇಡಿ; ಸಾಧ್ಯವಾದರೆ ಬಟ್ಟೆಬುಟ್ಟಿಯನ್ನು ಬೋರಲಾಗಿ ಮುಚ್ಚಿ ದೂರ ನಿಲ್ಲಿ. ಕಾರಿಗೆ ಸಿಕ್ಕಿ ಸತ್ತ ಹೆಣ್ಣಿನ ಹೊಟ್ಟೆಚೀಲದಲ್ಲಿ ಜೀವಂತ ಮರಿ ಇರಬಹುದು. ಅದನ್ನು ಮೊಲೆತೊಟ್ಟಿನಿಂದ ಎಳೆಯದೆ ಕರೆ ಮಾಡಿದಾಗ ತಿಳಿಸಿ. ಬಿಸಿಲಿನಲ್ಲಿ ಬಳಲಿದ್ದಕ್ಕೆ ಬಾಟಲಿಯಿಂದ ಬಾಯಿಗೆ ನೀರು ಸುರಿಯಬಾರದು, ಶ್ವಾಸಕೋಶಕ್ಕೆ ಇಳಿದೀತು. ಅಗಲವಾದ ಪಾತ್ರೆಯಲ್ಲಿಟ್ಟರೆ ತಾನೇ ಕುಡಿಯುತ್ತದೆ.

ಊರಿನಿಂದ ಬಂದ ಹಿರಿಯರು ಕೋಆಲಾವನ್ನು ಎತ್ತಿಕೊಂಡು ಫೋಟೋ ತೆಗೆಸಿಕೊಳ್ಳಬೇಕೆನ್ನುವುದು ಸಹಜ. ಆದರೆ 1927ರಲ್ಲಿ ಆರಂಭವಾದ ಬ್ರಿಸ್ಬೇನಿನ ಲೋನ್ ಪೈನ್ ಕೋಆಲಾ ಧಾಮವೇ 2024ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟಿದೆ. ಅವರನ್ನು ಡೈಸಿ ಹಿಲ್‌ನ ಕೋಆಲಾ ಕೇಂದ್ರಕ್ಕೆ ಕರೆದೊಯ್ದರೆ ಹತ್ತಿರದಿಂದ ನೋಡಬಹುದು, ಹೊರಗಿನ ಕಾಡಿನಲ್ಲಿ ಒಂದು ಸುತ್ತು ನಡೆಯಲೂಬಹುದು.