ಹುಡುಗರು ಬಿಟ್ಟುಹೋದರೂ ಕೆಲಸದ ಅರಿವು ಹೋಟೆಲಿನಲ್ಲೇ ಉಳಿಯಬೇಕಾದರೆ

ಕಾರವಾರದಲ್ಲಿ ಹತ್ತು-ಹನ್ನೆರಡು ರೂಮಿನ ಲಾಡ್ಜ್, ಕೆಳಗೊಂದು ಮೀನೂಟದ ಹೋಟೆಲ್, ಎಂಟೋ ಒಂಬತ್ತೋ ಕೆಲಸಗಾರರು. ಇಂಥ ಕಡೆ ಕಟ್ಟಡ, ಫ್ರಿಜ್, ಜನರೇಟರ್‌ಗೆಲ್ಲ ಲೆಕ್ಕ ಇರುತ್ತದೆ. ಬಂಗಡೆ ಸಾರಿನ ಮಸಾಲೆಯ ಹದ ಏನು, ಯಾವ ವಾಲ್ವ್ ತಿರುಗಿಸಿದರೆ ಮೇಲಿನ ಟ್ಯಾಂಕಿಗೆ ನೀರು ಏರುತ್ತದೆ, ಯಾವ ಗಿರಾಕಿಗೆ ಬೆಳಗಿನ ಐದಕ್ಕೇ ಬಿಸಿನೀರು ಬೇಕು ಎಂಬುದೆಲ್ಲ ಹುಡುಗರ ತಲೆಯಲ್ಲಿ ಮಾತ್ರ ಇರುತ್ತದೆ. ಬೌದ್ಧಿಕ ಬಂಡವಾಳ ಅಂದರೆ ಇದೇ. 1990ರ ದಶಕದಲ್ಲಿ ಸ್ವೀಡನ್ನಿನ ಸ್ಕ್ಯಾಂಡಿಯಾ ವಿಮಾ ಕಂಪನಿ ವಾರ್ಷಿಕ ವರದಿಯ ಜೊತೆಗೆ ಇದರ ಲೆಕ್ಕವನ್ನೂ ಕೊಟ್ಟಿತು. ದೊಡ್ಡ ಕಂಪನಿಗಳಲ್ಲಿ ಇದಕ್ಕೆಂದೇ ವಿಭಾಗಗಳಿರುತ್ತವೆ. ಸಣ್ಣ ಹೋಟೆಲಿನಲ್ಲಿ ಎಲ್ಲವೂ ಹುಡುಗರ ನಡವಳಿಕೆಯ ಮೇಲೆ ನಿಂತಿದೆ: ಗೊತ್ತಿದ್ದುದನ್ನು ಇನ್ನೊಬ್ಬನಿಗೆ ಹೇಳಿಕೊಡುತ್ತಾನಾ, ಆದ ತಪ್ಪನ್ನು ಅಂದೇ ಹೇಳುತ್ತಾನಾ, ಗಿರಾಕಿ ಗೊಣಗಿದ್ದನ್ನು ಗಲ್ಲೆಯವರೆಗೆ ಮುಟ್ಟಿಸುತ್ತಾನಾ.

ಮೊದಲು ಒಂದು ಪಟ್ಟಿ

ದಿನದ ಕೆಲಸಗಳನ್ನು ಒಂದರ ಕೆಳಗೊಂದು ಬರೆಯಿರಿ. ಪ್ರತಿಯೊಂದರ ಮುಂದೆ, ಅದು ಯಾರಿಗೆ ಚೆನ್ನಾಗಿ ಗೊತ್ತು, ಅವರಿಲ್ಲದಿದ್ದರೆ ಮಾಡಬಲ್ಲವರು ಯಾರು ಎಂದು ಬರೆಯಿರಿ. ಎರಡನೇ ಹೆಸರು ಹೊಳೆಯದ ಸಾಲುಗಳಿಗೆ ಕೆಂಪು ಗುರುತು ಹಾಕಿ. ಸಾಮಾನ್ಯವಾಗಿ ಕೆಂಪು ಬೀಳುವುದು ಮೀನು ಖರೀದಿ, ಮಸಾಲೆ, ಪಂಪು-ಜನರೇಟರ್, ಆನ್‌ಲೈನ್ ಬುಕಿಂಗ್, ವಿದೇಶಿ ಅತಿಥಿಗಳ ವಿವರವನ್ನು 24 ಗಂಟೆಯೊಳಗೆ ಸರ್ಕಾರಕ್ಕೆ ಸಲ್ಲಿಸುವ ಕೆಲಸ. ಗೋಕರ್ಣದ ಕಡೆಯವರು ಈ ಕೊನೆಯದನ್ನೇ ಮೊದಲು ಇಬ್ಬರಿಗೆ ಕಲಿಸಬೇಕು. ಗೊತ್ತಿದ್ದ ಒಬ್ಬ ರಜೆಯಲ್ಲಿದ್ದ ಎನ್ನುವುದು ಯಾವ ಅಧಿಕಾರಿಯ ಮುಂದೆಯೂ ಉತ್ತರವಾಗುವುದಿಲ್ಲ.

ಅಡುಗೆಮನೆಯ ಅಂದಾಜನ್ನು ತೂಕಕ್ಕೆ ತನ್ನಿ

ಅಡುಗೆಯವರನ್ನು ‘ಎಷ್ಟು ಹಾಕ್ತೀರಿ?’ ಎಂದು ಕೇಳಿದರೆ ‘ಅಂದಾಜಿಗೆ’ ಎನ್ನುತ್ತಾರೆ. ಅದು ನಿಜವೇ, ಅವರೇನೂ ಮುಚ್ಚಿಡುತ್ತಿಲ್ಲ. ಕೈಗೆ ಗೊತ್ತಿದ್ದದ್ದು ಬಾಯಿಗೆ ಬರುವುದಿಲ್ಲ. ಹಾಗಾಗಿ ಕೇಳಬೇಡಿ, ತೂಗಿ. ಮೆಣಸಿನಕಾಯಿ, ಕೊತ್ತಂಬರಿ ಬೀಜ, ಹುಳಿಯ ಡಬ್ಬಿಗಳನ್ನು ಅಡುಗೆಗೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ತಕ್ಕಡಿಗಿಡಿ. ವ್ಯತ್ಯಾಸವೇ ಅಳತೆ. ಮೂರು ದಿನ ಹೀಗೆ ತೂಗಿ, ಪ್ರತಿ ಸಲವೂ ಒಂದು ಕಿಲೋ ಮೀನಿಗೆ ಎಷ್ಟಾಯಿತೆಂದು ಲೆಕ್ಕ ಹಾಕಿ ಸರಾಸರಿ ಬರೆದಿಡಿ. ‘ಕಾಯಿ ಎರಡು’ ಎಂದು ಬರೆದರೆ ಉಪಯೋಗವಿಲ್ಲ. ಕಾಯಿ ಒಂದೇ ಗಾತ್ರದ್ದು ಇರುವುದಿಲ್ಲವಾದ್ದರಿಂದ ತುರಿಯ ತೂಕವನ್ನೇ ಗ್ರಾಮಿನಲ್ಲಿ ಬರೆಯಿರಿ.

ತಕ್ಕಡಿಗೆ ಸಿಗದ್ದೂ ಇದೆ. ಮುರುಗಲು ಸಿಪ್ಪೆಯ ಹುಳಿ ವರ್ಷದಿಂದ ವರ್ಷಕ್ಕೆ ಬೇರೆ. ಉಪ್ಪು ಹಾಕಿ ಒಣಗಿಸಿದ ಸಿಪ್ಪೆಯಾದರೆ ಸಾರಿನ ಉಪ್ಪನ್ನು ಕೊನೆಗೇ ನೋಡಿ ಹಾಕಬೇಕು. ಇದಕ್ಕೆ ಎರಡನೆಯವನನ್ನು ಪಕ್ಕದಲ್ಲಿ ನಿಲ್ಲಿಸಿ ಮೂರು ಹಂತದಲ್ಲಿ ರುಚಿ ನೋಡಿಸಿ: ಮಸಾಲೆ ಅರೆದಾಗ, ಮೊದಲ ಕುದಿ ಬಂದಾಗ, ಒಲೆಯಿಂದ ಇಳಿಸುವ ಮುನ್ನ. ಮೀನು ಖರೀದಿಯೂ ಹಾಗೆಯೇ. ಕಿವಿರು ಕೆಂಪಗಿರಬೇಕು, ಬೆರಳಿನಿಂದ ಒತ್ತಿದ ಕುಳಿ ತಟ್ಟನೆ ಮೇಲೆ ಬರಬೇಕು ಎಂದು ಹೇಳಿಕೊಡಬಹುದು. ಮಾರುವ ಅಕ್ಕನ ಜೊತೆಗಿನ ನಂಬಿಕೆ ಮಾತ್ರ ಮುಖ ಪರಿಚಯದಿಂದಲೇ ಬರುತ್ತದೆ. ವಾರಕ್ಕೆರಡು ಸಲ ಇನ್ನೊಬ್ಬನನ್ನೂ ಮಾರ್ಕೆಟ್ಟಿಗೆ ಕಳಿಸಿ.

ಗಲ್ಲೆಯ ಮೇಲೊಂದು ರಿಜಿಸ್ಟರ್

ತಾರೀಖು, ರೂಮ್ ನಂಬರು, ಏನಾಯಿತು, ಏನು ಮಾಡಿದೆವು, ಬರೆದವರ ಹೆಸರು. ಐದು ಕಾಲಂ ಸಾಕು. ಪಾಳಿ ಬದಲಾಗುವಾಗ ಹತ್ತು ನಿಮಿಷ ಇಬ್ಬರೂ ನಿಂತು ಓದಬೇಕು. ಆ ಹತ್ತು ನಿಮಿಷ ಸಂಬಳದ ಸಮಯದಲ್ಲೇ ಸೇರಿರಬೇಕು. ಕಾರವಾರದ ಶಿರವಾಡ ಸ್ಟೇಶನ್ನಿಗೆ ರಾತ್ರಿ ರೈಲಿನಲ್ಲಿ ಬಂದಿಳಿಯುವ ಗಿರಾಕಿಯ ಮಾತು ಸಂಜೆ ಪಾಳಿಯವನಲ್ಲೇ ಉಳಿದರೆ, ಅವರು ಮುಚ್ಚಿದ ಗೇಟಿನ ಮುಂದೆ ನಿಲ್ಲುತ್ತಾರೆ. ಗಿರಾಕಿಯ ಬೇಕು-ಬೇಡಗಳನ್ನಷ್ಟೇ ಬರೆಯಿರಿ. ಯಾರ ಜೊತೆ ಬಂದರು, ಏನು ಮಾತಾಡಿದರು ಎಂಬುದು ರಿಜಿಸ್ಟರಿಗೆ ಬೇಡವೇ ಬೇಡ. ಆಧಾರ್ ಪ್ರತಿಯೂ ಗಲ್ಲೆಯ ಮೇಲೆ ಬಿದ್ದಿರಬಾರದು.

ಕೆಲಸಕ್ಕೆ ಒಡಿಶಾ, ನೇಪಾಳದ ಕಡೆಯ ಹುಡುಗರಿದ್ದರೆ ಕನ್ನಡ ಓದಲಾರರು. ಅವರಿಗೆ ಫೋಟೊ ಮತ್ತು ವಾಟ್ಸಾಪಿನ ಧ್ವನಿ ಸಂದೇಶ. ಪಂಪಿನ ಮನೆಯಲ್ಲಿ ಬರಹಕ್ಕಿಂತ ಬಣ್ಣ ಮೇಲು: ತೆರೆದೇ ಇರಬೇಕಾದ ವಾಲ್ವಿಗೆ ಹಸಿರು, ಮುಟ್ಟಬಾರದ್ದಕ್ಕೆ ಕೆಂಪು. ಸಂಪಿನ ಗೋಡೆಯ ಮೇಲೆ ಒಂದು ಗೆರೆ ಎಳೆಯಿರಿ, ನೀರು ಅದಕ್ಕಿಂತ ಕೆಳಗಿದ್ದರೆ ಮೋಟಾರ್ ಹಾಕಬಾರದು. ನೀರಿಲ್ಲದೆ ಓಡಿದ ಪಂಪಿನ ಸೀಲು ಬೇಗ ಸುಡುತ್ತದೆ.

ಎಲ್ಲಿ ಕೆಡುತ್ತದೆ

ಈ ರಿಜಿಸ್ಟರನ್ನು ಹಿಡಿದು ಒಮ್ಮೆ ಒಬ್ಬನ ಸಂಬಳ ಕಡಿದರೆ ಮರುದಿನದಿಂದ ಅದರಲ್ಲಿ ‘ಎಲ್ಲ ಸರಿ’ ಎಂದಷ್ಟೇ ಇರುತ್ತದೆ. ಅಂದೇ ಹೇಳಿದ ತಪ್ಪಿಗೆ ದಂಡವಿಲ್ಲ ಎಂಬ ನಿಯಮ ಮಾಡಿ, ಅದಕ್ಕೆ ಅಂಟಿಕೊಳ್ಳಿ. ಗಿರಾಕಿಯ ಮುಂದೆ ಬೈಯಬೇಡಿ. ಟಿಪ್ಸ್ ಕೂಡ ದೊಡ್ಡ ವಿಷಯ. ಅದು ಪಡೆದವನ ಕೈಯಲ್ಲೇ ಉಳಿಯುವುದಾದರೆ ಸಪ್ಲಾಯರ್ ಒಳ್ಳೆಯ ಗಿರಾಕಿಯ ಅಭ್ಯಾಸಗಳನ್ನು ತನ್ನಲ್ಲೇ ಇಟ್ಟುಕೊಳ್ಳುತ್ತಾನೆ, ಹೇಳಿದರೆ ಅವನಿಗೇ ನಷ್ಟ. ಒಂದು ಡಬ್ಬಿ ಇಟ್ಟು ವಾರಕ್ಕೊಮ್ಮೆ ಎಲ್ಲರೆದುರು ಎಣಿಸಿ, ಪಾತ್ರೆ ತೊಳೆಯುವವರಿಗೂ ಸಮಪಾಲು ಹಂಚಿ. ಕಲಿಸಿದವನಿಗೆ ‘ನಾಳೆ ನನ್ನನ್ನೇ ತೆಗೆದುಹಾಕಿದರೆ?’ ಎಂಬ ಹೆದರಿಕೆ ಇದ್ದೇ ಇರುತ್ತದೆ. ಎರಡನೆಯವನು ಒಂದು ದಿನ ಒಬ್ಬನೇ ನಿಭಾಯಿಸಿದ ತಿಂಗಳೇ ಕಲಿಸಿದವನ ಸಂಬಳ ಏರಿಸಿ. ಬಾಯಿಮಾತಿನ ಭರವಸೆಯಿಂದ ಆ ಹೆದರಿಕೆ ಹೋಗುವುದಿಲ್ಲ.

ಮಳೆಗಾಲಕ್ಕೆ, ಜಾತ್ರೆಗೆ

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಪ್ರವಾಸಿಗರೂ ಕಡಿಮೆ. ಪಟ್ಟಿಯ ಕೆಂಪು ಸಾಲುಗಳನ್ನು ಅಳಿಸಲು ಇದೇ ಸಮಯ. ಮುಖ್ಯ ಅಡುಗೆಯವರಿಗೆ ವಾರದ ನಡುವೆ ಸಂಬಳ ಸಹಿತ ಒಂದು ದಿನ ರಜೆ ಕೊಡಿ, ಅವರಿಗೆ ಫೋನ್ ಮಾಡದೆ ದಿನ ಸಾಗಿಸಿ. ಎಲ್ಲಿ ತಡವರಿಸಿದರೋ ಅದನ್ನು ಸಂಜೆಯೇ ಬರೆದಿಡಿ.

ಶಿರಸಿಯವರಿಗೆ ಇನ್ನೂ ಕಷ್ಟ. ಮಾರಿಕಾಂಬಾ ಜಾತ್ರೆ ಬರುವುದು ಎರಡು ವರ್ಷಕ್ಕೊಮ್ಮೆ. ಹೋದ ಜಾತ್ರೆಯಲ್ಲಿ ದುಡಿದವರಲ್ಲಿ ಎಷ್ಟು ಜನ ಮುಂದಿನದಕ್ಕೆ ಉಳಿದಿರುತ್ತಾರೆ? ಜಾತ್ರೆ ಮುಗಿದ ಮೂರು ದಿನದೊಳಗೆ ಎಲ್ಲರನ್ನೂ ಕೂರಿಸಿ, ದಿನಕ್ಕೆಷ್ಟು ಊಟ ಹೋಯಿತು, ಗ್ಯಾಸ್, ಅಕ್ಕಿ, ಹಾಲು ಯಾವ ದಿನ ಸಾಲದೆ ಬಂತು, ಯಾವ ತಾಸಿಗೆ ನೂಕುನುಗ್ಗಲಾಯಿತು ಎಂದು ಬರೆಸಿ.

ಯಾರಾದರೂ ಕೆಲಸ ಬಿಡುವುದಾದರೆ ಮೊದಲು ಬಾಕಿ ಪೂರ್ತಿ ಚುಕ್ತಾ ಮಾಡಿ, ಆಮೇಲೆ ಕೂರಿಸಿಕೊಂಡು ಕೇಳಿ. ಸಂಬಳ ಹಿಡಿದಿಟ್ಟು ಕೇಳಿದರೆ ಅರ್ಧ ಸಂಗತಿ ಹೊರಬರುವುದಿಲ್ಲ. ಅವರು ಹೇಳಿದ್ದನ್ನು ಆ ಕೆಲಸಕ್ಕೆ ಬರುವವನು ಅವರೆದುರೇ ಒಮ್ಮೆ ಮಾಡಿ ತೋರಿಸಲಿ.