ಎಸ್‌ಎಸ್‌ಎಚ್‌ನಲ್ಲಿ ಕೂತೇ ನೆಟ್‌ವರ್ಕ್ ಮ್ಯಾನೇಜರ್ ಇಳಿಸಿ ನೆಟ್‌ವರ್ಕ್‌ಡಿ ಏರಿಸಿದ್ದು: ನನ್ನ ಅನುಭವ

"ಕೂತ ಕೊಂಬೆಯನ್ನೇ ಕಡಿಯೋ ಕೆಲಸ ಇದು. ಕನ್ಸೋಲ್ (ಯಂತ್ರಕ್ಕೇ ನೇರ ಜೋಡಿಸಿದ ಪರದೆ, ಕೀಲಿಮಣೆ) ಇಲ್ಲದೆ ಮುಟ್ಟಬೇಡ." ಎಸ್‌ಎಸ್‌ಎಚ್ ಅಂದರೆ ದೂರದ ಯಂತ್ರಕ್ಕೆ ನೆಟ್‌ವರ್ಕ್ ಮೂಲಕವೇ ಲಾಗಿನ್ ಆಗುವ ದಾರಿ. ಅದೇ ದಾರಿಯಲ್ಲಿ ಒಳಗೆ ಹೋಗಿ, ಯಂತ್ರದ ನೆಟ್‌ವರ್ಕ್ ನೋಡಿಕೊಳ್ಳುವ ಒಂದು ಪ್ರೋಗ್ರಾಂ ನಿಲ್ಲಿಸಿ ಇನ್ನೊಂದನ್ನು ತರುತ್ತೇನೆ ಎಂದಾಗ ತಂಡದ ಹಿರಿಯರೊಬ್ಬರು ಹೀಗೆ ಹೇಳಿದ್ದು ಒಂದೇ ಸಲ ಅಲ್ಲ. ಇನ್ನೊಬ್ಬ ಸಹೋದ್ಯೋಗಿಯಂತೂ ಎಲ್ಲವನ್ನೂ ಹೊಸದಾಗಿ ಇನ್‌ಸ್ಟಾಲ್ ಮಾಡೋಣ ಎಂದು ಹಟ ಹಿಡಿದಿದ್ದರು. ಈಗ ಹದಿನಾಲ್ಕರಲ್ಲಿ ಹದಿಮೂರು ಯಂತ್ರಗಳು ನೆಟ್‌ವರ್ಕ್‌ಡಿ ಮೇಲೆ ಓಡುತ್ತಿವೆ. ಹತ್ತನೆಯದರಿಂದ ಮುಂದೆ ಒಂದರಲ್ಲೂ ಸಂಪರ್ಕ ಕಡಿಯಲಿಲ್ಲ. ಹಾಗಾಗಿ ಬರೆಯುವ ಧೈರ್ಯ ಬಂದಿದೆ.

ಸಮಸ್ಯೆ ಶುರುವಾಗಿದ್ದು ನಮಗಿಂತ ಹಿಂದೆ ಇದ್ದವರಿಂದ. ಅವರು ಈ ಹದಿನಾಲ್ಕು ಸರ್ವರ್‌ಗಳಿಗೆ ಉಬುಂಟು ಎಂಬ ಲಿನಕ್ಸ್‌ನ 22.04ರ ಡೆಸ್ಕ್‌ಟಾಪ್ ಆವೃತ್ತಿ ಹಾಕಿದ್ದರು. ಉಬುಂಟುವಿನಲ್ಲಿ 17.10ರಿಂದ ಡೆಸ್ಕ್‌ಟಾಪ್, ಸರ್ವರ್ ಎರಡೂ ಆವೃತ್ತಿಗಳಲ್ಲಿ ಮೇಲೆ ಕಾಣುವುದು ನೆಟ್‌ಪ್ಲಾನ್, ಅಂದರೆ ಯಾಮಲ್ ಎಂಬ ಬಗೆಯ ಫೈಲ್‌ನಲ್ಲಿ ಬರೆದ ನೆಟ್‌ವರ್ಕ್ ಸೆಟ್ಟಿಂಗ್ ಓದುವ ಸಾಧನ. ಆದರೆ ಕೆಳಗೆ ದುಡಿಯುವುದು ಡೆಸ್ಕ್‌ಟಾಪ್‌ನಲ್ಲಿ ನೆಟ್‌ವರ್ಕ್ ಮ್ಯಾನೇಜರ್, ಸರ್ವರ್‌ನಲ್ಲಿ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ. 22.04 ಡೆಸ್ಕ್‌ಟಾಪ್‌ನ ಯಾಮಲ್ ಫೈಲ್ ತೆರೆದರೆ 'ರೆಂಡರರ್ ನೆಟ್‌ವರ್ಕ್ ಮ್ಯಾನೇಜರ್' (ಕೆಳಗೆ ದುಡಿಯುವುದು ಯಾರು ಎಂದು ಹೇಳುವುದು) ಎಂಬ ಒಂದು ಸಾಲು ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ಐಪಿ (ಯಂತ್ರದ ವಿಳಾಸ), ಗೇಟ್‌ವೇ (ಹೊರಗಿನ ಜಾಲಕ್ಕೆ ಹೋಗುವ ಬಾಗಿಲು) ಎಲ್ಲ ನೆಟ್‌ವರ್ಕ್ ಮ್ಯಾನೇಜರ್‌ನ ಸ್ವಂತ ಪ್ರೊಫೈಲ್‌ಗಳಲ್ಲಿ ಕೂತಿರುತ್ತದೆ.

ಒಂದು ರಾತ್ರಿ ಕರೆಂಟ್ ಹೋಗಿ ಬಂತು. ಯಂತ್ರಗಳು ಎದ್ದವು, ಮೂರು ಮಾತ್ರ ಪಿಂಗ್‌ಗೆ (ಇದ್ದೀಯಾ ಎಂದು ಕೇಳುವ ಸಂದೇಶಕ್ಕೆ) ಸಿಗಲಿಲ್ಲ. ಯಾರೋ ಮೌಸ್ ಹಿಡಿದು ಸ್ಟ್ಯಾಟಿಕ್ (ಬದಲಾಗದ) ಐಪಿ ಕೊಟ್ಟಾಗ 'ಇತರ ಬಳಕೆದಾರರಿಗೂ ಲಭ್ಯ' ಎಂಬ ಟಿಕ್ ತೆಗೆದಿದ್ದರು. ಆ ಪ್ರೊಫೈಲ್ ಒಬ್ಬ ಬಳಕೆದಾರನ ಸ್ವತ್ತಾಗಿತ್ತು. ಅವನು ಲಾಗಿನ್ ಆಗುವವರೆಗೆ ಅದು ಏಳುವುದೇ ಇಲ್ಲ. ಲಾಗಿನ್ ಆಗುವವರು ಯಾರೂ ಇಲ್ಲದ ಸರ್ವರ್‌ನಲ್ಲಿ ಇದಕ್ಕಿಂತ ದೊಡ್ಡ ಅವಾಂತರ ಇಲ್ಲ. ಒಬ್ಬನಿಗೇ ಎಂಬ ಆ ಮಿತಿ ತೆಗೆದರೆ ಸಾಕಲ್ಲ ಎಂದು ನೀವು ಕೇಳಬಹುದು. ನಾನೂ ಮೊದಲು ಅದನ್ನೇ ಮಾಡಿದೆ, ಮೂರೂ ಸರಿಹೋದವು. ಆದರೆ ಉಳಿದ ಸುಮಾರು ನಲವತ್ತು ಯಂತ್ರಗಳು ಸರ್ವರ್ ಆವೃತ್ತಿಯವು, ಎಲ್ಲಕ್ಕೂ ಒಂದೇ ಅಚ್ಚಿನ ಯಾಮಲ್. ಈ ಹದಿನಾಲ್ಕಕ್ಕೆ ಮಾತ್ರ ಬೇರೆ ಲೆಕ್ಕ, ಬೇರೆ ಕಮಾಂಡ್, ಬೇರೆ ಲಾಗ್. ಅದು ನನಗೆ ಸಹಿಸಲಾಗಲಿಲ್ಲ.

ಹಣದ ಲೆಕ್ಕವನ್ನೂ ಹೇಳುತ್ತೇನೆ. ಡೇಟಾ ಸೆಂಟರ್‌ನಲ್ಲಿ ರಿಮೋಟ್ ಹ್ಯಾಂಡ್ಸ್ (ನಮ್ಮ ಪರವಾಗಿ ಯಂತ್ರ ಮುಟ್ಟುವ ಅಲ್ಲಿನ ಸಿಬ್ಬಂದಿ) ಕರೆದರೆ ಒಂದು ಸಲಕ್ಕೆ ಆ ಯಂತ್ರದ ತಿಂಗಳ ಬಾಡಿಗೆಯ ಹೆಚ್ಚುಕಡಿಮೆ ಅರ್ಧ ಬೀಳುತ್ತಿತ್ತು. ಎಲ್ಲಕ್ಕೂ ಕೆವಿಎಂ (ದೂರದಿಂದಲೇ ಪರದೆ, ಕೀಲಿಮಣೆ ಕೊಡುವ ಪೆಟ್ಟಿಗೆ) ಬಾಡಿಗೆಗೆ ತಗೊಂಡರೆ ಮೂರು ತಿಂಗಳ ಬಾಡಿಗೆ ಅದಕ್ಕೇ ಹೋಗುತ್ತಿತ್ತು. ಕೊನೆಗೆ ನನಗೆ ತಗುಲಿದ್ದು ಎರಡು ಕರೆಗಳ ಖರ್ಚು. ಎರಡೂ ನನ್ನ ತಪ್ಪಿನಿಂದಲೇ ಆದವು.

ವಿಧಾನದ ಜೀವಾಳ ವಾಪಸಾತಿ ಟೈಮರ್. ಹೊಸ ಯಾಮಲ್ ಬರೆದಿಟ್ಟು, ಸಿಸ್ಟಮ್‌ಡಿ-ರನ್‌ನಿಂದ (ನನ್ನ ಲಾಗಿನ್‌ಗೆ ಅಂಟಿಕೊಳ್ಳದೆ ಹಿನ್ನೆಲೆಯಲ್ಲಿ ಕೆಲಸ ಓಡಿಸುವ ಕಮಾಂಡ್) ಹತ್ತು ನಿಮಿಷದ ಟೈಮರ್ ಹಾಕುತ್ತೇನೆ. ನಾನು ತಡೆಯದಿದ್ದರೆ ಅದು ಹಳೆಯ ಫೈಲ್‌ಗಳನ್ನು ಜಾಗಕ್ಕೆ ತಂದು ನೆಟ್‌ವರ್ಕ್ ಮ್ಯಾನೇಜರನ್ನು ಮತ್ತೆ ಎಬ್ಬಿಸುತ್ತದೆ. ಬದಲಾವಣೆಯನ್ನೂ ನೇರವಾಗಿ ಶೆಲ್‌ನಲ್ಲಿ ಓಡಿಸುವುದಿಲ್ಲ. ಅದನ್ನೂ ಸಿಸ್ಟಮ್‌ಡಿ-ರನ್‌ಗೇ ಒಪ್ಪಿಸುತ್ತೇನೆ, ಸೆಷನ್ ಸತ್ತರೂ ಕೆಲಸ ಅರ್ಧಕ್ಕೆ ನಿಲ್ಲಬಾರದು. 'ನೆಟ್‌ಪ್ಲಾನ್ ಟ್ರೈ' ಇದೆಯಲ್ಲ, 120 ಸೆಕೆಂಡಿನಲ್ಲಿ ತಾನೇ ಹಿಂದಕ್ಕೆ ಬರುತ್ತದೆ ಅನ್ನುತ್ತೀರಿ. ಒಂದೇ ಸರ್ವಿಸಿನೊಳಗೆ ಐಪಿ ಬದಲಿಸುವಾಗ ನಾನೂ ಅದನ್ನೇ ಬಳಸುತ್ತೇನೆ. ಒಂದು ಸರ್ವಿಸ್ ನಿಲ್ಲಿಸಿ ಇನ್ನೊಂದನ್ನು ಎಬ್ಬಿಸುವ ಕೆಲಸಕ್ಕೆ ಅದನ್ನು ನಂಬಿಕೊಳ್ಳಲು ಮನಸ್ಸಾಗಲಿಲ್ಲ.

ಮೊದಲ ಯಂತ್ರದಲ್ಲೇ ಪೆಟ್ಟು ಬಿತ್ತು. ಯಾವ ಪ್ಯಾಕೇಜೂ ಎಬ್ಬಿಸದಿರಲಿ ಎಂದು ನೆಟ್‌ವರ್ಕ್ ಮ್ಯಾನೇಜರನ್ನು ಮಾಸ್ಕ್ ಮಾಡಿದ್ದೆ, ಅಂದರೆ ಏಳದಂತೆ ಪೂರ್ತಿ ಬೀಗ ಹಾಕಿದ್ದೆ. ಹೊಸ ಯಾಮಲ್‌ನಲ್ಲಿ ಗೇಟ್‌ವೇ ಅಂಕಿ ತಪ್ಪಾಗಿತ್ತು, ಸಂಪರ್ಕ ಹೋಯಿತು. ಸರಿ, ಹತ್ತು ನಿಮಿಷ ಕಾಯೋಣ ಎಂದು ಕೂತೆ. ಹತ್ತಾಯಿತು, ಹದಿನೈದಾಯಿತು, ಯಂತ್ರ ಬರಲೇ ಇಲ್ಲ. ವಾಪಸಾತಿ ಸ್ಕ್ರಿಪ್ಟ್ ಸಮಯಕ್ಕೆ ಸರಿಯಾಗಿಯೇ ಓಡಿತ್ತು, ಆದರೆ ಮಾಸ್ಕ್ ಆದ ಸರ್ವಿಸ್‌ಗೆ ಸ್ಟಾರ್ಟ್ ಕೊಟ್ಟರೆ ಅದು ಏಳುವುದಿಲ್ಲ. ಮೊದಲ ಕರೆಯ ದುಡ್ಡು ಹೋಗಿದ್ದು ಅಲ್ಲಿ. ಆಮೇಲೆ ಬರಿ ಡಿಸೇಬಲ್ (ಬೂಟ್‌ನಲ್ಲಿ ತಾನಾಗಿ ಏಳದಂತೆ) ಮಾಡುತ್ತೇನೆ. ವಾಪಸಾತಿಯ ಮೊದಲ ಸಾಲೇ ಅನ್‌ಮಾಸ್ಕ್.

ನಾಲ್ಕನೆಯದರಲ್ಲಿ ಎಲ್ಲ ಸರಿಯಾಗಿ ನಡೆಯಿತು, ಖುಷಿಯಲ್ಲಿ ಟೈಮರ್ ನಿಲ್ಲಿಸುವುದನ್ನು ಮರೆತೆ. ಹತ್ತು ನಿಮಿಷಕ್ಕೆ ಅದು ನಿಷ್ಠೆಯಿಂದ ಎಲ್ಲವನ್ನೂ ಹಿಂದಕ್ಕೆ ಒಯ್ದಿತು. ನಷ್ಟವೇನೂ ಆಗಲಿಲ್ಲ. ವಾಪಸಾತಿ ನಿಜಕ್ಕೂ ಕೆಲಸ ಮಾಡುತ್ತದೆ ಎಂಬ ಧೈರ್ಯ ಬಂದದ್ದೇ ಆವತ್ತು.

ಎರಡನೆಯ ಕರೆ ಆರನೆಯ ಯಂತ್ರಕ್ಕೆ. ಅದು ಡಿಎಚ್‌ಸಿಪಿ (ಒಂದು ಸರ್ವರ್ ಎಲ್ಲರಿಗೂ ಐಪಿ ಹಂಚುವ ವ್ಯವಸ್ಥೆ) ಮೇಲಿತ್ತು. ನೆಟ್‌ವರ್ಕ್ ಮ್ಯಾನೇಜರ್ ತನ್ನ ಗುರುತಾಗಿ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಸಂಖ್ಯೆ) ಹೇಳಿಕೊಳ್ಳುತ್ತಿತ್ತು. ನೆಟ್‌ವರ್ಕ್‌ಡಿ ಹಾಗಲ್ಲ, ಮಷಿನ್-ಐಡಿಯಿಂದ (ಆ ಇನ್‌ಸ್ಟಾಲಿನ ಗುರುತಿನ ಸಂಖ್ಯೆ) ಹುಟ್ಟಿಸಿದ ಡಿಯುಐಡಿ ಎಂಬ ಬೇರೆ ಗುರುತು ಕಳಿಸುತ್ತದೆ. ಡಿಎಚ್‌ಸಿಪಿ ಸರ್ವರ್‌ಗೆ ಇದು ಹೊಸಬ ಅನಿಸಿ ಬೇರೆ ವಿಳಾಸ ಕೊಟ್ಟಿತು. ಯಂತ್ರ ಚೆನ್ನಾಗಿಯೇ ಓಡುತ್ತಿತ್ತು, ನಾನು ಮಾತ್ರ ಹಳೆಯ ವಿಳಾಸದ ಬಾಗಿಲು ತಟ್ಟುತ್ತಿದ್ದೆ. ಅವತ್ತು ಟೈಮರ್ ಅವಧಿಯನ್ನು ಒಂದು ಗಂಟೆಗೆ ಇಟ್ಟಿದ್ದೆ. ಕಾಯಲಾಗದೆ ಕರೆ ಮಾಡಿದೆ, ಇನ್ನೂ ಸ್ವಲ್ಪ ತಾಳಿದ್ದರೆ ಆ ದುಡ್ಡು ಉಳಿಯುತ್ತಿತ್ತು. ಈಗ ಡಿಎಚ್‌ಸಿಪಿ ಇರುವ ಪ್ರತಿ ಯಾಮಲ್‌ನಲ್ಲೂ 'ಡಿಎಚ್‌ಸಿಪಿ-ಐಡೆಂಟಿಫೈಯರ್ ಮ್ಯಾಕ್' ಎಂಬ ಸಾಲು ಕಡ್ಡಾಯ. ವರ್ಚುಯಲ್ ಮಷಿನ್ ಕ್ಲೋನ್ ಮಾಡುವವರಿಗೂ ಇದೇ ಕಾಟ: ಮಷಿನ್-ಐಡಿ ಫೈಲ್ ಖಾಲಿ ಮಾಡದೆ ನಕಲು ತೆಗೆದರೆ ಎರಡಕ್ಕೂ ಒಂದೇ ಐಪಿ ಬಂದು ಕೂರುತ್ತದೆ.

ಬೂಟ್ ನಿಧಾನವಾಯಿತು ಎಂಬ ದೂರೂ ಬಂತು. ಈ ಹದಿಮೂರರಲ್ಲೂ ಎರಡೆರಡು ಪೋರ್ಟ್, ಒಂದಕ್ಕೆ ಕೇಬಲ್ ಇಲ್ಲ. ಬೂಟ್ ಹೊತ್ತಿನಲ್ಲಿ ನೆಟ್‌ವರ್ಕ್ ಸಿದ್ಧವಾಗಲೆಂದು ಕಾಯುವ ವೇಟ್-ಆನ್‌ಲೈನ್ ಎಂಬ ಸರ್ವಿಸ್ ಆ ಖಾಲಿ ಪೋರ್ಟ್‌ಗಾಗಿ ಎರಡು ನಿಮಿಷ ಕಾಯುತ್ತಿತ್ತು. ಯಾಮಲ್‌ನಲ್ಲಿ ಆ ಪೋರ್ಟ್‌ಗೆ 'ಆಪ್ಷನಲ್ ಟ್ರೂ' ಎಂದು ಬರೆದ ಮೇಲೆ ಸರಿಹೋಯಿತು.

ಸರಿಯಾಗಿ ನಡೆದಾಗ ಹೇಗಿರುತ್ತದೆ ಎಂದರೆ: ಒಂದು ಕಿಟಕಿಯಲ್ಲಿ ಪಿಂಗ್, ಇನ್ನೊಂದರಲ್ಲಿ ಶೆಲ್. ಎಂಟರ್ ಒತ್ತಿದ ಕೂಡಲೇ ಕರ್ಸರ್ ನಿಲ್ಲುತ್ತದೆ. ಒತ್ತಿದ ಅಕ್ಷರ ಮೂಡುವುದಿಲ್ಲ. ಪಿಂಗ್‌ನ ಸಾಲು 41ಕ್ಕೆ ನಿಂತಿರುತ್ತದೆ. ಎದೆ ಬಡಿತ ಕೇಳಿಸುವಷ್ಟು ಹೊತ್ತು ಕಳೆದು ನೇರ 45 ಬರುತ್ತದೆ, ಶೆಲ್‌ನಲ್ಲಿ ಅಲ್ಲಿಯವರೆಗೆ ಒತ್ತಿದ ಅಕ್ಷರಗಳೆಲ್ಲ ಒಟ್ಟಿಗೆ ಉದುರುತ್ತವೆ. ಐಪಿ ಬದಲಾಗದಿದ್ದರೆ ಎಸ್‌ಎಸ್‌ಎಚ್ ಸೆಷನ್ ಕೂಡ ಕಡಿಯುವುದಿಲ್ಲ. ನೆಟ್‌ವರ್ಕ್‌ಡಿಯ ಸ್ಥಿತಿ ತೋರಿಸುವ ನೆಟ್‌ವರ್ಕ್‌ಸಿಟಿಎಲ್‌ನಲ್ಲಿ 'ಕಾನ್ಫಿಗರ್ಡ್' ಎಂದು ಹಸಿರಾಗಿ ಕಂಡ ಮೇಲೆಯೇ ಟೈಮರ್‌ಗೆ ಸ್ಟಾಪ್. ಆ ಹಿರಿಯರನ್ನು ಪಕ್ಕದಲ್ಲೇ ಕೂರಿಸಿಕೊಂಡು ಹನ್ನೊಂದನೆಯದನ್ನು ಮಾಡಿ ತೋರಿಸಿದೆ. ಮುಗಿದ ಮೇಲೆ ಸ್ಕ್ರಿಪ್ಟ್ ಕಳಿಸು ಎಂದರು.

ಹೀಗೆ ಹಾಕಿದ ಟೈಮರ್ ರೀಬೂಟ್ ಆದರೆ ಮಾಯವಾಗುತ್ತದೆ. ರೀಬೂಟ್ ಪರೀಕ್ಷೆಗೆ ನನ್ನದೇ ಒಂದು ಚಿಕ್ಕ ಯೂನಿಟ್ (ಸಿಸ್ಟಮ್‌ಡಿಗೆ ಕೆಲಸ ಹೇಳುವ ಫೈಲ್) ಇದೆ. ಬೂಟ್ ಆದ ಮೇಲೆ ಏನನ್ನು ನೋಡಿ ವಾಪಸಾತಿ ನಿರ್ಧಾರ ಮಾಡುತ್ತದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಗೇಟ್‌ವೇಗೆ ಪಿಂಗ್ ಹಾಕಿ ನೋಡಿದರೆ ಸಾಲದು ಎಂದಷ್ಟೇ ಹೇಳುತ್ತೇನೆ.

ಇದೇ ಹುಮ್ಮಸ್ಸಿನಲ್ಲಿ ನನ್ನ ಲ್ಯಾಪ್‌ಟಾಪ್‌ಗೂ ನೆಟ್‌ವರ್ಕ್‌ಡಿ ಮತ್ತು ಐಡಬ್ಲ್ಯೂಡಿ (ವೈಫೈ ನೋಡಿಕೊಳ್ಳುವ ಪ್ರೋಗ್ರಾಂ) ಹಾಕಿ ನೋಡಿದೆ. ಮೆಮೊರಿ ಸುಮಾರು ಇಪ್ಪತ್ತು ಎಂಬಿಯಿಂದ ಎಂಟಕ್ಕೆ ಇಳಿದ ನೆನಪು. ಮನೆಯ ವೈಫೈಗೆ ತೊಂದರೆ ಇರಲಿಲ್ಲ. ಹೊರಗಡೆ ಲಾಗಿನ್ ಪುಟ ಕೇಳುವ ವೈಫೈ, ಮೊಬೈಲ್ ಟೆದರಿಂಗ್, ವಿಪಿಎನ್ ಮೂರೂ ಸೇರಿದಾಗ ಪ್ರತಿ ಸಲ ಕೈಯಲ್ಲೇ ಎಲ್ಲ ಮಾಡಬೇಕಾಯಿತು. ಒಂಬತ್ತನೆಯ ದಿನ ನೆಟ್‌ವರ್ಕ್ ಮ್ಯಾನೇಜರ್‌ಗೆ ಮರಳಿದೆ. ಓಡಾಡುವ ಯಂತ್ರಕ್ಕೆ ಅದೇ ಸರಿ. ಅದರ ವೈಫೈ ಪವರ್‌ಸೇವ್ ಮೂರರಲ್ಲಿತ್ತು (ಅಂದರೆ ಆನ್), ಎರಡು (ಆಫ್) ಮಾಡಿದೆ. ಎಸ್‌ಎಸ್‌ಎಚ್‌ನ ತಡವರಿಕೆ ನಿಂತಿತು. ಸರ್ವರ್‌ಗೆ ನೆಟ್‌ವರ್ಕ್ ಮ್ಯಾನೇಜರ್ ಆಗದು ಎಂಬ ವಾದ ನನ್ನದಲ್ಲ. ಇನ್ನೊಂದು ಲಿನಕ್ಸ್ ಆದ ರೆಡ್‌ಹ್ಯಾಟ್ ಸರ್ವರ್‌ನಲ್ಲೂ ಅದನ್ನೇ ಇಟ್ಟಿದೆ, 9ನೇ ಆವೃತ್ತಿಯಲ್ಲಿ ಹಳೆಯ ನೆಟ್‌ವರ್ಕ್ ಸ್ಕ್ರಿಪ್ಟ್‌ಗಳನ್ನೇ ತೆಗೆದುಹಾಕಿದೆ. ನಮ್ಮಲ್ಲಿ ಎಲ್ಲವೂ ರೆಡ್‌ಹ್ಯಾಟ್ ಆಗಿದ್ದರೆ ನಾನೂ ಮುಟ್ಟುತ್ತಿರಲಿಲ್ಲ.

ಉಲ್ಟಾ ದಾರಿ ಹಿಡಿಯುವವರಿಗೆ ಒಂದು ಮಾತು. ಉಬುಂಟು ಸರ್ವರ್‌ಗೆ ನೆಟ್‌ವರ್ಕ್ ಮ್ಯಾನೇಜರ್ ಹಾಕಿದರೆ ತಂತಿಯ ಪೋರ್ಟ್ 'ಅನ್‌ಮ್ಯಾನೇಜ್ಡ್' ಎಂದೇ ತೋರಿಸುತ್ತದೆ. ವೈಫೈ ಮತ್ತು ಮೊಬೈಲ್ ಮೋಡೆಮ್ ಬಿಟ್ಟು ಬೇರೇನೂ ಮುಟ್ಟಬೇಡ ಎಂಬ ಫೈಲ್ ಪ್ಯಾಕೇಜಿನ ಜೊತೆಗೇ ಬರುತ್ತದೆ. ಯಾಮಲ್‌ನಲ್ಲಿ ರೆಂಡರರ್ ಬದಲಿಸಿ. ಡೆಬಿಯನ್ ಲಿನಕ್ಸ್‌ನಲ್ಲಿ ಕಾರಣ ಬೇರೆ: ಇಂಟರ್‌ಫೇಸಸ್ ಫೈಲ್‌ನಲ್ಲಿ ಹೆಸರಿರುವ ಪೋರ್ಟನ್ನು ಅದು ಮುಟ್ಟುವುದಿಲ್ಲ.

ಉಳಿದಿರುವುದು ಹದಿನಾಲ್ಕನೆಯದು. ಅದರಲ್ಲಿ ಎರಡು ಪೋರ್ಟ್ ಸೇರಿಸಿದ ಬಾಂಡ್ ಇದೆ, ಅದರ ಮೇಲೆ ಬ್ರಿಡ್ಜ್ (ಸಾಫ್ಟ್‌ವೇರ್‌ನಲ್ಲೇ ಮಾಡಿದ ಸ್ವಿಚ್) ಇದೆ. ಬಾಂಡ್, ಬ್ರಿಡ್ಜ್‌ಗಳ ಪ್ಯಾರಾಮೀಟರ್ ಬದಲಿಸಿದರೆ ನೆಟ್‌ಪ್ಲಾನ್ ಟ್ರೈ ಕೂಡ ಹಿಂದಕ್ಕೆ ತರುವುದಿಲ್ಲ. ವಾಪಸಾತಿಯಲ್ಲಿ ಬಾಂಡನ್ನು ಕಿತ್ತು ಮತ್ತೆ ಕಟ್ಟುವ ನಾಲ್ಕು ಸಾಲು ಸೇರಿಸಿದ್ದೇನೆ, ಮನೆಯ ಹಳೆಯ ಡಬ್ಬದ ಮೇಲೆ ಏಳು ಸಲ ಓಡಿಸಿದ್ದೇನೆ. ಶನಿವಾರ ರಾತ್ರಿ ಅದನ್ನೂ ಮಾಡುತ್ತೇನೆ.